ಫೈನಲ್ ವಾರದ ಪ್ರ್ಯಾಕ್ಟೀಸ್: ಬೆವರು ಅಳೆಯಬೇಡಿ, ವೇಗ ನೋಡಿ

ಫುಟ್‌ಬಾಲ್ ಫೈನಲ್ ಹತ್ತಿರ ಬಂದರೆ ಸಾಕು, ಫೋನಿಂದ ಫೋನಿಗೆ ಪ್ರ್ಯಾಕ್ಟೀಸ್ ವಿಡಿಯೋಗಳು ಓಡಾಡಲು ಶುರುವಾಗುತ್ತವೆ. ಎಂಟು ಹತ್ತು ಆಟಗಾರರು ಸುತ್ತ ನಿಂತು ಚೆಂಡು ದಾಟಿಸುತ್ತಿರುತ್ತಾರೆ. ಮಧ್ಯದಲ್ಲಿರುವ ಇಬ್ಬರು ಅದನ್ನು ಕಸಿಯಲು ಓಡುತ್ತಿರುತ್ತಾರೆ. ಒಬ್ಬನ ಕಾಲುಗಳ ನಡುವೆ ಚೆಂಡು ತೂರಿ ಹೋದರೆ ಎಲ್ಲರೂ ಜೋರಾಗಿ ನಗುತ್ತಾರೆ. ಅಷ್ಟಕ್ಕೇ ತೀರ್ಪು ಬಂದುಬಿಡುತ್ತದೆ: ‘ಇವರಿಗೆ ಸೀರಿಯಸ್‌ನೆಸ್ಸೇ ಇಲ್ಲ ಗುರು, ಈ ಸಲವೂ ಕಪ್ ಬರಲ್ಲ.’

ಬೆಂಗಳೂರಿನವರಿಗೆ ಈ ಮಾತು ಸ್ವಲ್ಪ ಜಾಸ್ತಿಯೇ ನಾಟುತ್ತದೆ, ಯಾಕೆಂದರೆ ನಮ್ಮ ಬೆಂಗಳೂರು ಎಫ್‌ಸಿ ತಂಡ ದೇಶದ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್‌ನ ಫೈನಲ್‌ಗಳಲ್ಲಿ ಸೋತಿದ್ದನ್ನು ನಾವು ಒಂದಲ್ಲ, ಮೂರು ಸಲ ನೋಡಿದ್ದೇವೆ. 2018ರಲ್ಲಿ ನಮ್ಮದೇ ಕಂಠೀರವದಲ್ಲಿ, 2023ರಲ್ಲಿ ಗೋವಾದಲ್ಲಿ, 2025ರಲ್ಲಿ ಕೋಲ್ಕತ್ತಾದಲ್ಲಿ. ಗೆದ್ದಿದ್ದು 2019ರಲ್ಲಿ ಮಾತ್ರ. ಇಷ್ಟು ಹತ್ತಿರ ಹೋಗಿ ಸೋತಾಗ ಕಾರಣ ಹುಡುಕುವುದು ಸಹಜ, ಅಲ್ವಾ? ಆಗ ಕೈಗೆ ಮೊದಲು ಸಿಗುವ ಕಾರಣ ‘ಸರಿಯಾಗಿ ಪ್ರ್ಯಾಕ್ಟೀಸ್ ಮಾಡಿಲ್ಲ’ ಅನ್ನುವುದೇ.

ಹಾಗಾದರೆ ಫೈನಲ್‌ಗೆ ಮುಂಚೆ ಒಂದು ತಂಡ ಎಷ್ಟು ಗಟ್ಟಿಯಾಗಿ ತಯಾರಾಗುತ್ತಿದೆ ಅಂತ ಹೊರಗೆ ನಿಂತವರು ಅಳೆಯಲು ಆಗುತ್ತದಾ? ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ನಾವು ಸಾಮಾನ್ಯವಾಗಿ ನೋಡುವ ಜಾಗ ತಪ್ಪು. ಎಷ್ಟು ಹೊತ್ತು ಓಡಿದರು, ಎಷ್ಟು ಬೆವರಿದರು, ಎಷ್ಟು ಸುಸ್ತಾದರು ಅಂತ ನೋಡುತ್ತೇವೆ. ಫೈನಲ್ ವಾರದಲ್ಲಿ ಆ ಮೂರೂ ಕಮ್ಮಿ ಇರಬೇಕು. ಜಾಸ್ತಿ ಇದ್ದರೆ ಆಗ ಚಿಂತೆ ಮಾಡಬೇಕು.

ಪ್ರ್ಯಾಕ್ಟೀಸ್‌ನಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಒಂದು, ಒಟ್ಟು ಎಷ್ಟು ಕೆಲಸ ಮಾಡಿದರು ಅನ್ನುವುದು: ಎಷ್ಟು ನಿಮಿಷ, ಎಷ್ಟು ಕಿಲೋಮೀಟರ್. ಇನ್ನೊಂದು, ಮಾಡಿದ ಕೆಲಸ ಎಷ್ಟು ಬಿರುಸಾಗಿತ್ತು ಅನ್ನುವುದು: ಎಷ್ಟು ವೇಗದಲ್ಲಿ ಓಡಿದರು, ಎಷ್ಟು ಬೇಗ ತಿರುಗಿದರು, ಎಷ್ಟು ಜೋರಾಗಿ ಚೆಂಡಿಗೆ ನುಗ್ಗಿದರು. ಇವೆರಡನ್ನೂ ನಾವು ‘ಹಾರ್ಡ್ ಟ್ರೇನಿಂಗ್’ ಅನ್ನುವ ಒಂದೇ ಮಾತಿನಲ್ಲಿ ಸೇರಿಸಿಬಿಡುತ್ತೇವೆ. ಗೊಂದಲವೆಲ್ಲ ಅಲ್ಲಿಂದ ಶುರುವಾಗುತ್ತದೆ. ದೊಡ್ಡ ಸ್ಪರ್ಧೆಗೆ ಮುಂಚೆ ಕೆಲಸವನ್ನು ಇಳಿಸುವ ಕ್ರಮಕ್ಕೆ ಟೇಪರಿಂಗ್ ಅನ್ನುತ್ತಾರೆ. ಇದರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು 2007ರಲ್ಲಿ ಬಂತು. ಸುಮಾರು ಎರಡು ವಾರ ಒಟ್ಟು ಪ್ರಮಾಣವನ್ನು 41ರಿಂದ 60 ಶೇಕಡಾದಷ್ಟು ಇಳಿಸಿ, ಬಿರುಸನ್ನು ಮಾತ್ರ ಹಾಗೇ ಉಳಿಸಿಕೊಂಡಾಗ ಫಲ ಚೆನ್ನಾಗಿರುತ್ತದೆ ಅಂತ ಅದರಲ್ಲಿ ಕಂಡಿತು. ಆ ಅಧ್ಯಯನಗಳು ಓಟಗಾರರು, ಈಜುಗಾರರು, ಸೈಕ್ಲಿಸ್ಟ್‌ಗಳಂಥವರ ಮೇಲೆ ನಡೆದವು ಅನ್ನುವುದು ನೆನಪಿರಲಿ. ಫುಟ್‌ಬಾಲ್‌ನಲ್ಲಿ ಎರಡು ವಾರ ಸುಮ್ಮನೆ ಸಿಗುವುದಿಲ್ಲ, ಮಧ್ಯೆ ಸೆಮಿಫೈನಲ್ ಇರುತ್ತದೆ. ಹಾಗಾಗಿ ಕೋಚ್‌ಗಳು ಅದೇ ಲೆಕ್ಕವನ್ನು ಐದಾರು ದಿನದೊಳಗೆ ಹಿಡಿಸುತ್ತಾರೆ.

ಮ್ಯಾಚ್‌ಗೆ ಆರು ದಿನ ಇದೆ ಅಂದುಕೊಳ್ಳಿ. ಹಿಂದಿನ ಮ್ಯಾಚ್ ಆಡಿದವರಿಗೆ ಮೊದಲ ಎರಡು ದಿನ ಸುಧಾರಿಸಿಕೊಳ್ಳಲು ಬೇಕು. ಮೈಕೈ ನೋವು, ಸ್ನಾಯುಗಳ ಬಿಗಿತ ಇಳಿಯಲು 48ರಿಂದ 72 ಗಂಟೆ ಬೇಕಾಗುತ್ತದೆ, ಅದನ್ನು ಬೈದು ಬೇಗ ಮಾಡಿಸಲು ಆಗುವುದಿಲ್ಲ. ಮ್ಯಾಚ್‌ಗೆ ನಾಲ್ಕು ಅಥವಾ ಮೂರು ದಿನ ಇರುವಾಗ ವಾರದ ಗಟ್ಟಿ ಕೆಲಸ ನಡೆಯುತ್ತದೆ: ಚಿಕ್ಕ ಜಾಗದಲ್ಲಿ ನಾಲ್ಕು ನಾಲ್ಕು ಜನರ ಆಟ, ಇಲ್ಲ ದೊಡ್ಡ ಮೈದಾನದಲ್ಲಿ ಪೂರ್ತಿ ವೇಗದ ಓಟ. ಎರಡು ದಿನ ಇರುವಾಗ ಇಳಿಸುತ್ತಾರೆ. ಹಿಂದಿನ ದಿನ ಒಂದು ಗಂಟೆಯೊಳಗೆ ಮುಗಿಯುತ್ತದೆ. ಮ್ಯಾಚ್‌ನಲ್ಲಿ ಹತ್ತರಿಂದ ಹನ್ನೆರಡು ಕಿಲೋಮೀಟರ್ ಓಡುವ ಮಿಡ್‌ಫೀಲ್ಡರ್ ಅವತ್ತು ಮೂರು ನಾಲ್ಕು ಕಿಲೋಮೀಟರ್‌ಗಿಂತ ಜಾಸ್ತಿ ಓಡಿರುವುದಿಲ್ಲ.

ಈಗ ನಮಗೆ ಕಾಣಿಸುವುದು ಯಾವ ದಿನದ್ದು ಅಂತ ಯೋಚಿಸಿ. ದೊಡ್ಡ ಫೈನಲ್‌ಗಳಲ್ಲಿ ಪತ್ರಕರ್ತರನ್ನು ಒಳಗೆ ಬಿಡುವುದು ಸಾಮಾನ್ಯವಾಗಿ ಹಿಂದಿನ ದಿನ. ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಂತೂ ಮೊದಲ ಹದಿನೈದು ನಿಮಿಷ ಮಾತ್ರ ನೋಡಲು ಬಿಡುವುದು ರೂಢಿ. ಅಂದರೆ ಇಡೀ ವಾರದಲ್ಲೇ ಹಗುರವಾದ ದಿನದ, ಅದರಲ್ಲೂ ಹಗುರವಾದ ವಾರ್ಮ್‌ಅಪ್ ಭಾಗ. ಆ ಹದಿನೈದು ನಿಮಿಷದ ನಗು ನೋಡಿ ತಂಡದ ತೀವ್ರತೆ ಅಳೆಯುವುದು ನ್ಯಾಯವಲ್ಲ. ಇನ್ನು ಕ್ಲಬ್‌ನವರೇ ಹಾಕುವ ವಿಡಿಯೋ ಅವರೇ ಆರಿಸಿದ್ದು, ಮೈದಾನದ ಮೂಲೆಯಿಂದ ಹೊಡೆಯುವ ಕಾರ್ನರ್ ಕಿಕ್‌ನ ಯೋಜನೆ ಅದರಲ್ಲಿ ಯಾಕೆ ಇರುತ್ತದೆ ಹೇಳಿ?

ಕಾರ್ನರ್ ಅಂದೆನಲ್ಲ, 2018ರ ಫೈನಲ್ ನೆನಪಿಸಿಕೊಳ್ಳಿ. ಲೀಗ್‌ನಲ್ಲಿ ಬೆಂಗಳೂರು 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್ ತಂಡ 32. ಒಂಬತ್ತನೇ ನಿಮಿಷದಲ್ಲೇ ನಮ್ಮ ಸುನಿಲ್ ಛೆಟ್ರಿ ಗೋಲು ಹೊಡೆದಾಗ ಕಂಠೀರವ ಹೇಗಿತ್ತು ಅಂತ ಅಲ್ಲಿದ್ದವರಿಗೆ ಗೊತ್ತು. ಆಮೇಲೆ ಚೆನ್ನೈಯಿನ್‌ನ ಡಿಫೆಂಡರ್ ಮೇಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ತಲೆ ಕೊಟ್ಟು ಎರಡು ಗೋಲು ಹೊಡೆದರು, ಎರಡೂ ಮೊದಲ ಅರ್ಧದಲ್ಲೇ. ಕೊನೆಗೆ 3-2. ಇದರಲ್ಲಿ ಸ್ಟ್ಯಾಮಿನಾದ ಮಾತು ಎಲ್ಲಿ ಬಂತು? ಆ ವಾರ ಇನ್ನೂ ಎರಡು ಗಂಟೆ ಜಾಸ್ತಿ ಓಡಿಸಿದ್ದರೆ ಆ ಎರಡು ಹೆಡರ್ ತಪ್ಪುತ್ತಿದ್ದವಾ? ಮುಂದಿನ ವರ್ಷ ಮುಂಬೈಯಲ್ಲಿ ಗೋವಾ ಎದುರು ಕಪ್ ಗೆದ್ದುಕೊಟ್ಟಿದ್ದೂ ಕಾರ್ನರ್‌ಗೆ ಕೊಟ್ಟ ಹೆಡರೇ, ರಾಹುಲ್ ಭೇಕೆ ಅವರದ್ದು, 117ನೇ ನಿಮಿಷದಲ್ಲಿ. ಎರಡು ಗಂಟೆ ಆಡಿದ ಕಾಲುಗಳು ಅಷ್ಟು ಹೊತ್ತಿನಲ್ಲೂ ಹಾರಿದವು. ಆ ಶಕ್ತಿ ಫೈನಲ್ ವಾರದಲ್ಲಿ ಬಂದಿದ್ದಲ್ಲ.

ಈ ಮಾತನ್ನು ಒತ್ತಿ ಹೇಳಬೇಕು. ಫಿಟ್ನೆಸ್ ಅನ್ನುವುದು ದೋಸೆ ಹಿಟ್ಟಿನ ಹಾಗೆ, ಮೊದಲೇ ರುಬ್ಬಿ ಇಟ್ಟು ಹುಳಿ ಬರಲು ಬಿಡಬೇಕು; ಬೆಳಗ್ಗೆ ಎದ್ದು ಎಷ್ಟು ಕಲಕಿದರೂ ಬರುವುದಿಲ್ಲ. ಓಡಿಸಿದ ಕೆಲಸಕ್ಕೆ ದೇಹ ಹೊಂದಿಕೊಂಡು ಬಲ ಪಡೆಯಲು ವಾರಗಳು ಬೇಕು, ಸುಸ್ತು ಮಾತ್ರ ಅವತ್ತೇ ಬರುತ್ತದೆ. ಫೈನಲ್‌ಗೆ ಮೂರು ದಿನ ಇರುವಾಗ ಮೈದಾನದ ಸುತ್ತ ಇಪ್ಪತ್ತು ರೌಂಡ್ ಹೊಡೆಸಿದರೆ ಅದರ ಲಾಭ ಫೈನಲ್ ಮುಗಿದ ಮೇಲೆ ಸಿಗುತ್ತದೆ, ನಷ್ಟ ಫೈನಲ್ ದಿನವೇ ಸಿಗುತ್ತದೆ.

2025ರ ಕಥೆ ಇನ್ನೂ ಸ್ಪಷ್ಟ. ಮಾರ್ಚ್ 29ಕ್ಕೆ ಕಂಠೀರವದಲ್ಲಿ ಮುಂಬೈ ಸಿಟಿ ಎದುರು ಪ್ಲೇಆಫ್, 5-0. ಏಪ್ರಿಲ್ 2ಕ್ಕೆ ಅಲ್ಲೇ ಗೋವಾ ಎದುರು ಸೆಮಿಫೈನಲ್‌ನ ಮೊದಲ ಪಂದ್ಯ, 2-0. ಏಪ್ರಿಲ್ 6ಕ್ಕೆ ಗೋವಾದಲ್ಲಿ ಎರಡನೆಯದು. ಅಲ್ಲಿ 2-0 ಹಿಂದಿದ್ದಾಗ, 90 ನಿಮಿಷ ಮುಗಿದ ಮೇಲೆ ಸೇರಿಸಿದ ನಿಮಿಷಗಳಲ್ಲಿ ಛೆಟ್ರಿ ಹೊಡೆದ ಗೋಲು ಎರಡೂ ಪಂದ್ಯ ಸೇರಿಸಿ 3-2ರಿಂದ ತಂಡವನ್ನು ದಾಟಿಸಿತು. ಏಪ್ರಿಲ್ 12ಕ್ಕೆ ಕೋಲ್ಕತ್ತಾದಲ್ಲಿ ಫೈನಲ್. ಹದಿನೈದು ದಿನದಲ್ಲಿ ನಾಲ್ಕು ದೊಡ್ಡ ಮ್ಯಾಚ್, ಜೊತೆಗೆ ವಿಮಾನ ಪ್ರಯಾಣ. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದು ಶೀಲ್ಡ್ ಗೆದ್ದಿದ್ದ ಎದುರಾಳಿ ಮೋಹನ್ ಬಾಗಾನ್ ನೇರವಾಗಿ ಸೆಮಿಫೈನಲ್‌ಗೆ ಹೋಗಿತ್ತು, ಅವರಿಗೆ ಪ್ಲೇಆಫ್ ಇರಲಿಲ್ಲ. ಇಂಥ ಹೊತ್ತಲ್ಲಿ ಬೆಂಗಳೂರಿನ ಕೋಚ್ ಏನು ಮಾಡಬೇಕಿತ್ತು? ಮ್ಯಾಚ್‌ಗಳೇ ಪ್ರ್ಯಾಕ್ಟೀಸ್. ಮಧ್ಯದ ದಿನಗಳಲ್ಲಿ ಮಾಡಬೇಕಾದ ಕೆಲಸ ನಿದ್ದೆ, ಊಟ, ಮಸಾಜ್, ಹಗುರ ಓಟ, ಒಂದೆರಡು ಯೋಜನೆಗಳ ನೆನಪು. ಅದರಲ್ಲೂ ಆಗ 40 ವರ್ಷದ ಛೆಟ್ರಿಗೂ ಇಪ್ಪತ್ತರ ಆಸುಪಾಸಿನ ಹುಡುಗನಿಗೂ ಒಂದೇ ಕೆಲಸ ಕೊಡಲು ಆಗುತ್ತದಾ? ಫೈನಲ್‌ನಲ್ಲಿ ಬೆಂಗಳೂರೇ ಮೊದಲು ಮುಂದಿತ್ತು. ಮೋಹನ್ ಬಾಗಾನ್ ಪೆನಾಲ್ಟಿಯಿಂದ ಸಮ ಮಾಡಿಕೊಂಡಿತು, 96ನೇ ನಿಮಿಷದಲ್ಲಿ ಮೆಕ್ಲಾರೆನ್ ಗೋಲಿನಿಂದ ಗೆದ್ದಿತು. ಕೊನೆಯಲ್ಲಿ ನಮ್ಮವರ ಕಾಲು ಭಾರವಾದಂತೆ ಕಂಡಿದ್ದು ನಿಜ ಅಂತಲೇ ನನಗೂ ಅನ್ನಿಸುತ್ತದೆ. ಆದರೆ ಆ ಭಾರ ಪ್ರ್ಯಾಕ್ಟೀಸ್ ಕಮ್ಮಿಯಾಗಿ ಬಂದಿದ್ದು ಅನ್ನುವುದಕ್ಕಿಂತ ಆಟ ಜಾಸ್ತಿಯಾಗಿ ಬಂದಿದ್ದು ಅನ್ನುವುದು ಲೆಕ್ಕಕ್ಕೆ ಹೆಚ್ಚು ಹೊಂದುತ್ತದೆ.

ಹವಾಮಾನವನ್ನೂ ಮರೆಯಬಾರದು. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ, ಏಪ್ರಿಲ್‌ನಲ್ಲೂ ಸಂಜೆ ಒಂದು ಗಾಳಿ ಬೀಸುತ್ತದೆ. ಕೋಲ್ಕತ್ತಾದ ಏಪ್ರಿಲ್ ಹಾಗಲ್ಲ, ಬೆವರು ಆರುವುದೇ ಇಲ್ಲ. ಬಿಸಿ ತೇವದ ಹವೆಗೆ ದೇಹ ಚೆನ್ನಾಗಿ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಇಲ್ಲಿನ ಸಂಜೆಯಲ್ಲಿ ಚುರುಕಾಗಿ ಕಂಡ ತಂಡ ಅಲ್ಲಿ ಎಪ್ಪತ್ತನೇ ನಿಮಿಷಕ್ಕೆ ಹೇಗಿರುತ್ತದೆ ಅಂತ ಬೆಂಗಳೂರಿನ ಪ್ರ್ಯಾಕ್ಟೀಸ್ ನೋಡಿ ಹೇಳಲು ಆಗುವುದಿಲ್ಲ.

ತಂಡದ ಒಳಗಿನವರು ಹೇಗೆ ಅಳೆಯುತ್ತಾರೆ? ಆಟಗಾರರು ಒಳಗೆ ಹಾಕುವ ಕಪ್ಪು ಬನಿಯನ್ ನೋಡಿರುತ್ತೀರಿ, ಬೆನ್ನಿನ ಮೇಲ್ಭಾಗದಲ್ಲಿ ಉಬ್ಬಿದ ಹಾಗೆ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಅದು ಜಿಪಿಎಸ್. ಒಟ್ಟು ದೂರಕ್ಕಿಂತ ಅದರಲ್ಲಿ ಅವರು ನೋಡುವುದು ಬಿರುಸಿನ ಓಟವನ್ನು: ಗಂಟೆಗೆ ಸುಮಾರು 20 ಕಿಲೋಮೀಟರ್ ದಾಟಿದ್ದು ಎಷ್ಟು, 25 ದಾಟಿದ್ದು ಎಷ್ಟು, ಎಷ್ಟು ಸಲ ಗಕ್ಕನೆ ನಿಂತು ತಿರುಗಿದರು. ಇದರ ಜೊತೆ ಇನ್ನೊಂದು ಸರಳ ಲೆಕ್ಕ ಇದೆ, ಯಂತ್ರವೇ ಬೇಡ. ಪ್ರ್ಯಾಕ್ಟೀಸ್ ಮುಗಿದು ಅರ್ಧ ಗಂಟೆ ಆದ ಮೇಲೆ ಪ್ರತಿಯೊಬ್ಬನನ್ನೂ ‘ಎಷ್ಟು ಕಷ್ಟ ಅನ್ನಿಸಿತು, ಹತ್ತರಲ್ಲಿ ಎಷ್ಟು’ ಅಂತ ಕೇಳುತ್ತಾರೆ. ಆ ಅಂಕಿಯನ್ನು ನಿಮಿಷಗಳಿಂದ ಗುಣಿಸುತ್ತಾರೆ. 90 ನಿಮಿಷ, ಕಷ್ಟ 7 ಅಂದರೆ 630. 50 ನಿಮಿಷ, ಕಷ್ಟ 3 ಅಂದರೆ 150. ಫೈನಲ್‌ನ ಹಿಂದಿನ ದಿನ 150ರ ಆಸುಪಾಸು ಬಂದರೆ ಕೋಚ್ ನೆಮ್ಮದಿಯಿಂದ ಮಲಗುತ್ತಾರೆ. ಅದೇ 50 ನಿಮಿಷಕ್ಕೆ ಆಟಗಾರರು 6 ಅಂತ ಹೇಳಿದರೆ ಯೋಚನೆ ಶುರು, ಯಾಕೆಂದರೆ ಹಗುರ ಕೆಲಸವೇ ಕಷ್ಟ ಅನ್ನಿಸುತ್ತಿದೆ ಅಂದರೆ ಹಳೆಯ ಸುಸ್ತು ಇನ್ನೂ ಇಳಿದಿಲ್ಲ. ನಮ್ಮ ಕಾಲೇಜು ತಂಡಗಳು, ಟರ್ಫ್‌ನಲ್ಲಿ ಆಡುವ ಆಫೀಸ್ ತಂಡಗಳು ಕೂಡ ಒಂದು ನೋಟ್‌ಬುಕ್ ಇಟ್ಟುಕೊಂಡು ಇದನ್ನು ಮಾಡಬಹುದು. ಯಾರೂ ಯಾಕೆ ಮಾಡುವುದಿಲ್ಲವೋ!

ಹಾಗಂತ ಎಲ್ಲ ಕೋಚ್‌ಗಳೂ ಸರಿ, ನೋಡುವವರ ಅನುಮಾನವೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ಪ್ರಮಾಣದ ಜೊತೆ ಬಿರುಸನ್ನೂ ಇಳಿಸಿಬಿಟ್ಟರೆ ತಂಡ ಮಂಕಾಗುತ್ತದೆ, ಮೊದಲ ಇಪ್ಪತ್ತು ನಿಮಿಷ ನಿದ್ದೆಯಲ್ಲಿದ್ದ ಹಾಗೆ ಆಡುತ್ತದೆ. ವಿರಾಮ ತುಂಬಾ ಉದ್ದವಾದರೂ ಕಷ್ಟವೇ. 2019ರ ಚಾಂಪಿಯನ್ಸ್ ಲೀಗ್ ಫೈನಲ್‌ಗೂ ಇಂಗ್ಲೆಂಡಿನ ಲೀಗ್ ಮುಗಿದಿದ್ದಕ್ಕೂ ನಡುವೆ ಮೂರು ವಾರದ ಅಂತರ ಇತ್ತು. ಲಿವರ್‌ಪೂಲ್ ತಂಡ ಸ್ಪೇನಿನ ಮಾರ್ಬೆಯಾಗೆ ಹೋಗಿ ಕ್ಯಾಂಪ್ ಹಾಕಿತು. ಅಲ್ಲಿ ಬೆನ್ಫಿಕಾದ ಬಿ ತಂಡವನ್ನು ಕರೆಸಿ, ಫೈನಲ್‌ನ ಎದುರಾಳಿ ಟಾಟೆನ್‌ಹ್ಯಾಮ್ ಆಡುವ ಹಾಗೆಯೇ ಆಡಿಸಿ, ಬಾಗಿಲು ಮುಚ್ಚಿ ಒಂದು ಮ್ಯಾಚ್ ಆಡಿತು. ರಜೆ ಕಳೆಯುವ ಜಾಗದಲ್ಲಿದ್ದರೂ ಮ್ಯಾಚ್‌ನ ಬಿರುಸು ಬಿಟ್ಟುಹೋಗದಂತೆ ನೋಡಿಕೊಂಡರು. ಅಷ್ಟಾದರೂ ಫೈನಲ್ ಜಡವಾಗಿಯೇ ಇತ್ತು. ಎರಡನೇ ನಿಮಿಷದ ಪೆನಾಲ್ಟಿ, 87ನೇ ನಿಮಿಷದ ಒರಿಗಿ ಗೋಲು, ನಡುವೆ ಎರಡೂ ತಂಡಗಳು ತಡವರಿಸುತ್ತಿದ್ದವು. ಮೂರು ವಾರ ನಿಜವಾದ ಪೈಪೋಟಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ಪ್ರ್ಯಾಕ್ಟೀಸ್ ಕೂಡ ಆ ಜಾಗ ತುಂಬುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಹಾಗಾಗಿ ಪ್ರ್ಯಾಕ್ಟೀಸ್ ನೋಡುವ ಅವಕಾಶ ಸಿಕ್ಕಿದರೆ ಚೆಂಡು ಕಳೆದುಕೊಂಡ ಮೇಲಿನ ಮೂರು ಸೆಕೆಂಡ್ ನೋಡಿ. ಚಿಕ್ಕ ಆಟದಲ್ಲಿ ಪಾಸ್ ತಪ್ಪಿದ ತಕ್ಷಣ ಹತ್ತಿರದ ಇಬ್ಬರು ಚೆಂಡಿಗೆ ಮುಗಿಬೀಳುತ್ತಾರಾ, ಇಲ್ಲ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾರಾ? ಪಾಸ್ ನೆಲದ ಮೇಲೆ ರಭಸವಾಗಿ ಹೋಗುತ್ತಿದೆಯಾ? ಎರಡು ಸುತ್ತಿನ ನಡುವೆ ಸಾಕಷ್ಟು ವಿಶ್ರಾಂತಿ ಕೊಡುತ್ತಿದ್ದಾರಾ? ವಿಶ್ರಾಂತಿ ಜಾಸ್ತಿ ಇರುವುದು ಸೋಮಾರಿತನ ಅಲ್ಲ, ಮುಂದಿನ ಸುತ್ತೂ ಪೂರ್ತಿ ವೇಗದಲ್ಲಿ ಇರಲಿ ಅಂತ. ಐದು ನಿಮಿಷ ಬೆಂಕಿ ಹಾಗೆ ಆಡಿ ಮೂರು ನಿಮಿಷ ನೀರು ಕುಡಿಯುತ್ತಾ ಹರಟುವ ತಂಡ, ಒಂದೂವರೆ ಗಂಟೆ ಒಂದೇ ಮಂದಗತಿಯಲ್ಲಿ ಓಡುವ ತಂಡಕ್ಕಿಂತ ಚೆನ್ನಾಗಿ ತಯಾರಾಗಿರುತ್ತದೆ.

ಮೋಸ ಹೋಗುವ ಇನ್ನೊಂದು ದೃಶ್ಯ ಇದೆ. ಸೆಮಿಫೈನಲ್ ಮುಗಿದ ಮಾರನೇ ದಿನ ಕೆಲವರು ಬಿಸಿಲಲ್ಲಿ ಜೋರಾಗಿ ಓಡುತ್ತಿರುತ್ತಾರೆ, ದೊಡ್ಡ ಹೆಸರಿನವರು ಮಾತ್ರ ಆರಾಮಾಗಿ ಸೈಕಲ್ ತುಳಿಯುತ್ತಿರುತ್ತಾರೆ. ‘ಸ್ಟಾರ್‌ಗಳಿಗೆ ಒಂದು ನ್ಯಾಯ, ಹುಡುಗರಿಗೆ ಒಂದು ನ್ಯಾಯ’ ಅಂತ ಅನ್ನಿಸುತ್ತದೆ. ನಿಜದಲ್ಲಿ ಓಡುತ್ತಿರುವವರು ಹಿಂದಿನ ದಿನ ಬೆಂಚಿನಲ್ಲಿ ಕೂತವರು. ಆಡದೆ ತಪ್ಪಿಹೋದ ಓಟವನ್ನು ಅವರಿಗೆ ತುಂಬಿಸಿಕೊಡಲೇಬೇಕು, ಇಲ್ಲದಿದ್ದರೆ ಫೈನಲ್‌ನಲ್ಲಿ ಇದ್ದಕ್ಕಿದ್ದಂತೆ ಇಳಿಸಿದಾಗ ಅವರ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಕೈಕೊಡುತ್ತದೆ. ಇಳಿಸಬೇಕಾದ ಹೊತ್ತು ಯಾವಾಗ ಬರುತ್ತದೆ ಅಂತ ಯಾರಿಗೆ ಗೊತ್ತು? 2023ರ ಫೈನಲ್‌ನಲ್ಲಿ ಬೆಂಗಳೂರಿನ ಶಿವಶಕ್ತಿ ಆರಂಭದ ನಿಮಿಷಗಳಲ್ಲೇ ಗಾಯಗೊಂಡು ಹೊರಗೆ ಹೋದರು, ಬೆಂಚಿನಲ್ಲಿದ್ದ ಛೆಟ್ರಿ ಬಂದು ಉಳಿದ ಆಟ ಆಡಬೇಕಾಯಿತು.

ನಿಜವಾಗಿ ಭಯಪಡಬೇಕಾದ ಗುರುತುಗಳು ಬೇರೆ. ಮುಖ್ಯ ಆಟಗಾರನೊಬ್ಬ ವಾರವಿಡೀ ಫಿಸಿಯೋ ಜೊತೆ ಮೂಲೆಯಲ್ಲಿದ್ದು ಕೊನೇ ದಿನ ಗುಂಪಿಗೆ ಸೇರಿಕೊಂಡರೆ ಅದು ಸಂಭ್ರಮದ ಸುದ್ದಿ ಅಲ್ಲ. 2014ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ತಂಡ ಹ್ಯಾಮ್‌ಸ್ಟ್ರಿಂಗ್ ನೋವಿದ್ದ ಡಿಯಾಗೊ ಕೋಸ್ಟಾರನ್ನು ಇಳಿಸಿತು. ಒಂಬತ್ತನೇ ನಿಮಿಷಕ್ಕೆ ಅವರು ಹೊರಗೆ. ಒಬ್ಬ ಬದಲಿ ಆಟಗಾರನ ಅವಕಾಶ ಅಲ್ಲೇ ಮುಗಿಯಿತು, 120 ನಿಮಿಷ ನಡೆದ ಆ ಮ್ಯಾಚ್‌ನ ಕೊನೆಯಲ್ಲಿ ತಂಡ ಉಸಿರಿಲ್ಲದೆ 4-1ರಿಂದ ಸೋತಿತು. ಇನ್ನೊಂದು ಗುರುತು, ಕೋಚ್ ಗಾಬರಿಬಿದ್ದು ಫೈನಲ್ ವಾರದಲ್ಲಿ ಇದ್ದಕ್ಕಿದ್ದಂತೆ ಕೆಲಸ ಏರಿಸುವುದು. ಸೆಮಿಫೈನಲ್ ಕಷ್ಟದಲ್ಲಿ ಗೆದ್ದ ಮೇಲೆ ಎರಡು ಹೊತ್ತು ಪ್ರ್ಯಾಕ್ಟೀಸ್ ಇಟ್ಟರೆ ಅಭಿಮಾನಿಗಳಿಗೆ ಖುಷಿಯಾಗಬಹುದು, ಕಾಲುಗಳಿಗೆ ಆಗುವುದಿಲ್ಲ.

ಇಷ್ಟೆಲ್ಲ ನೋಡಿದರೂ ನನ್ನ ಪ್ರಕಾರ ಒಂದು ತಂಡದ ಟ್ರೇನಿಂಗ್ ಬಗ್ಗೆ ನಂಬಬಹುದಾದ ಸಾಕ್ಷಿ ಪ್ರ್ಯಾಕ್ಟೀಸ್ ಮೈದಾನದಲ್ಲಿ ಇರುವುದಿಲ್ಲ, ಹಿಂದಿನ ನಾಲ್ಕೈದು ಮ್ಯಾಚ್‌ಗಳ ಕೊನೆಯ ಹದಿನೈದು ನಿಮಿಷಗಳಲ್ಲಿ ಇರುತ್ತದೆ. 75ನೇ ನಿಮಿಷದ ಮೇಲೂ ಫುಲ್‌ಬ್ಯಾಕ್ ಮುಂದೆ ಓಡಿ ಹಿಂದೆ ಬರುತ್ತಿದ್ದಾನಾ, ಸಾಲುಗಳ ನಡುವೆ ಅಂತರ ಬೀಳುತ್ತಿದೆಯಾ, ಬದಲಿಗೆ ಬಂದವರು ಆಟದ ವೇಗ ಏರಿಸುತ್ತಿದ್ದಾರಾ ಅಂತ ನೋಡಿ. ತಿಂಗಳಿನಿಂದ ಅಲ್ಲಿ ಕುಸಿಯುತ್ತಿದ್ದರೆ ನಿಮ್ಮ ಅನುಮಾನಕ್ಕೆ ಬೆಲೆ ಇದೆ, ಗಟ್ಟಿಯಾಗಿಯೇ ಕೇಳಿ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ತೊಂಬತ್ತು ನಿಮಿಷ ಹಾಡುವವರು ಇದನ್ನು ಯಾವ ಜಿಪಿಎಸ್‌ಗಿಂತ ಕಮ್ಮಿ ಇಲ್ಲದ ಹಾಗೆ ನೋಡಿರುತ್ತಾರೆ.

ನನಗೆ ಈ ವಿಷಯ ಮುಖ್ಯ ಅನ್ನಿಸುವುದು ಐಎಸ್‌ಎಲ್‌ಗಿಂತ ಹೆಚ್ಚಾಗಿ ನಮ್ಮ ಗಲ್ಲಿಗಳ ಹುಡುಗ ಹುಡುಗಿಯರಿಗಾಗಿ. ಆಸ್ಟಿನ್ ಟೌನ್, ಮರ್ಫಿ ಟೌನ್, ಪೆಲೆ ಪ್ರತಿಮೆ ಇಟ್ಟುಕೊಂಡಿರುವ ಹಲಸೂರಿನ ಗೌತಮಪುರ, ಇವೆಲ್ಲ ಹಳೆಯ ಫುಟ್‌ಬಾಲ್ ಕೇರಿಗಳು. 2023ರಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿತು. ಸೆಮಿಫೈನಲ್ ಮಾರ್ಚ್ 1, ಫೈನಲ್ ಮಾರ್ಚ್ 4. ನಡುವೆ ಎರಡೇ ದಿನ. ಅಷ್ಟರಲ್ಲಿ ಮಾಡಲು ಸಾಧ್ಯವಿದ್ದದ್ದು ಸುಧಾರಿಸಿಕೊಳ್ಳುವುದು ಮಾತ್ರ. ಆದರೂ ಇವತ್ತಿಗೂ ಸ್ಕೂಲ್ ಫೈನಲ್‌ನ ಹಿಂದಿನ ಸಂಜೆ ಹದಿನಾಲ್ಕು ವರ್ಷದ ಮಕ್ಕಳಿಗೆ ರೌಂಡ್ ಮೇಲೆ ರೌಂಡ್ ಹೊಡೆಸುವುದು, ಕುಂಟುತ್ತಿರುವವನನ್ನು ‘ನಾಟಕ ಬೇಡ’ ಅಂತ ಗದರುವುದು ಈ ಊರಿನ ಮೈದಾನಗಳಲ್ಲಿ ನಿಂತಿಲ್ಲ. ಬೆಳೆಯುವ ವಯಸ್ಸಲ್ಲಿ ಮೊಣಕಾಲಿನ ಕೆಳಗೆ ನೋವು ಬರುವುದು ತುಂಬಾ ಸಾಮಾನ್ಯ, ಅದರ ಮೇಲೆ ಇನ್ನಷ್ಟು ಓಡಿಸಿದರೆ ಆ ಮಗು ಫೈನಲ್ ಅಲ್ಲ, ಇಡೀ ಸೀಸನ್ ಕಳೆದುಕೊಳ್ಳುತ್ತದೆ. ಬೇಲಿಯ ಆಚೆ ನಿಂತ ಅಪ್ಪಂದಿರು ‘ಇನ್ನೂ ಓಡಿಸಿ ಸರ್’ ಅನ್ನುವಾಗ ಕೋಚ್ ಮೇಲೆ ಬೀಳುವ ಒತ್ತಡವೂ ಸಣ್ಣದಲ್ಲ.

ಅಂಥ ಕೋಚ್‌ಗಳಿಗೆ ಒಂದು ಸಾದಾ ಪ್ಲ್ಯಾನ್ ಹೇಳಬಹುದು. ಹಿಂದಿನ ದಿನ ನಲವತ್ತೈದು ನಿಮಿಷ ಸಾಕು. ಹತ್ತು ಹನ್ನೆರಡು ನಿಮಿಷ ವಾರ್ಮ್‌ಅಪ್, ಸ್ವಲ್ಪ ಹೊತ್ತು ವೃತ್ತದ ಪಾಸ್, ನಗಲಿ ಬಿಡಿ. ಆಮೇಲೆ ಇಪ್ಪತ್ತು ಮೀಟರ್‌ನ ಪೂರ್ತಿ ವೇಗದ ಓಟ ನಾಲ್ಕು, ಒಂದೊಂದರ ನಡುವೆ ಒಂದು ನಿಮಿಷಕ್ಕಿಂತ ಜಾಸ್ತಿ ವಿಶ್ರಾಂತಿ. ಮೂರು ಮೂರು ನಿಮಿಷದ ಎರಡು ಚಿಕ್ಕ ಆಟ. ಉಳಿದ ಹೊತ್ತೆಲ್ಲ ಕಾರ್ನರ್‌ಗೆ: ಯಾರು ಯಾರನ್ನು ಹಿಡಿಯಬೇಕು, ಗೋಲಿನ ಹತ್ತಿರದ ಕಂಬದಲ್ಲಿ ಯಾರು, ಹೊರಗೆ ಬರುವ ಚೆಂಡಿಗೆ ಯಾರು. ಪೆನಾಲ್ಟಿ ಹೊಡೆಯುವ ಐದು ಜನರ ಹೆಸರು ಅಲ್ಲೇ ಹೇಳಿಬಿಡಿ. ಸೆಮಿಫೈನಲ್‌ನಲ್ಲಿ ಆಡದ ಮಕ್ಕಳಿಗೆ ಜಾಸ್ತಿ ಓಟ ಕೊಡಬೇಕು ಅನ್ನಿಸಿದರೆ ಸೆಮಿಫೈನಲ್‌ನ ಮಾರನೇ ದಿನವೇ ಕೊಡಿ, ಫೈನಲ್‌ನ ಹಿಂದಿನ ಸಂಜೆ ಬೇಡ.